ತೊಟ್ಟಿಲು ಬರೆಯದ ಗೋಡೆ

ಈಗ ಮದುವೆಗಳೆಲ್ಲ ಛತ್ರ ಸೇರಿದ್ದರೂ ರಾವಂದೂರಿನ ಸುತ್ತ ಮನೆಮುಂದೆ ಚಪ್ಪರ ಹಾಕುವವರು ಹಸೆಗೋಡೆ ಬರೆಯಲು ಸಾಕಮ್ಮನಿಗೇ ಹೇಳಿಕಳಿಸುತ್ತಿದ್ದರು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅವಳು ಸುಣ್ಣದಲ್ಲಿ ಬರೆಯುತ್ತಿದ್ದಳು: ಗಂಡುಹೆಣ್ಣಿಗೆ ಜೋಡಿ ಗಿಣಿ, ಬೆಳೆಗೆ ತೆನೆ, ಆಯುಸ್ಸಿಗೆ ಸೂರ್ಯಚಂದ್ರ, ಸಂತಾನಕ್ಕೆ ತೊಟ್ಟಿಲು. ಅವಳಿಗೇ ಮಕ್ಕಳಿರಲಿಲ್ಲ. ಅದೇ ನೆಪಕ್ಕೆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ, ಅವಳಿಗೂ ಆಗಲಿಲ್ಲ. ಕೊರತೆ ಯಾರದೆಂದು ಆಮೇಲೂ ಯಾರೂ ಕೇಳಲಿಲ್ಲ.

ಪುಟ್ಟತಾಯಮ್ಮನ ಮಗ ಮಹೇಂದ್ರನ ಮದುವೆಗೆ ಗೋಡೆ ಬರೆಯುತ್ತಿದ್ದಾಗ ಮದುಮಗನೇ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

“ಸಾಕಕ್ಕ, ತೊಟ್ಲು ಒಂದು ಬರೀಬ್ಯಾಡಿ.”

“ಯಾಕಪ್ಪ?”

“ಮೈಸೂರಲ್ಲಿ ಡಾಕ್ಟ್ರಿಗೆ ತೋರಿಸ್ದೆ. ನಂಗೆ ಮಕ್ಕಳಾಗಾಕಿಲ್ವಂತೆ. ಸೌಂದರ್ಯಂಗೆ ಹೇಳಿವ್ನಿ, ಒಪ್ಪವ್ಳೆ. ಅವ್ವಂಗೆ ಹೇಳಿಲ್ಲ.”

ಸಾಕಮ್ಮ ಕುಂಚ ಕೆಳಗಿಟ್ಟಳು. “ಬರೆಯಾಕಿಲ್ಲ ಬುಡು. ಆದ್ರೆ ಅವ್ವಂಗೆ ನೀನೇ ಹೇಳು. ಇಲ್ದಿದ್ರೆ ನಾಳೆ ಎಲ್ಲಾ ಆ ಹುಡುಗಿ ತಲೆ ಮ್ಯಾಲೆ ಬತ್ತದೆ.”

ಅವನು ಎದ್ದು ಚಪ್ಪರದ ಕಡೆ ಹೋದ.

ಸಂಜೆ ಪುಟ್ಟತಾಯಮ್ಮ ಬಂದು ಗಿಣಿಗಳ ಕೆಳಗಿನ ಖಾಲಿ ಜಾಗಕ್ಕೆ ಬೆರಳು ಮಾಡಿದಳು.

“ತೊಟ್ಲು ಮರ್ತ್ಯಾ ಸಾಕಿ?”

“ಮರ್ತಿಲ್ಲ ಕಣವ್ವ. ನಿನ್ನ ಮಗನ್ನ ಕೇಳು.”

ತಾಯಿ ಮಗ ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಕುಂಚ ತೊಳೆಯುತ್ತಿದ್ದ ಸಾಕಮ್ಮನಿಗೆ ತನ್ನ ಗಂಡ ಒಮ್ಮೆಯೂ ಆಸ್ಪತ್ರೆಯ ಕಡೆ ತಲೆ ಹಾಕದ್ದು ನೆನಪಾಯಿತು. ಪುಟ್ಟತಾಯಮ್ಮ ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಗೋಡೆಯ ಕಡೆ ನೋಡದೆ ಒಳಗೆ ಹೋಗಿ ಅಕ್ಕಿ ಆರಿಸಲು ಕೂತಳು.

ಮಾರನೆಯ ದಿನ ಗಂಡುಹೆಣ್ಣನ್ನು ಹಸೆಗೆ ಕೂರಿಸುವಾಗ ಬೆಟ್ಟದಪುರದಿಂದ ಬಂದಿದ್ದ ಪುಟ್ಟತಾಯಮ್ಮನ ನಾದಿನಿ ಕುಳ್ಳಮ್ಮ ಗೋಡೆಯನ್ನು ಮೇಲೆ ಕೆಳಗೆ ನೋಡಿದಳು.

“ಇದೇನತ್ಗೆ, ತೊಟ್ಲೇ ಇಲ್ಲ? ಮಕ್ಕಳಿಲ್ದೋಳ ಕೈಲಿ ಬರೆಸಬ್ಯಾಡಿ ಅಂದಿರ್ನಿಲ್ವಾ ನಾನು?”

ಸೌಂದರ್ಯ ತಲೆ ತಗ್ಗಿಸಿದಳು. ಮಹೇಂದ್ರ ಬಾಯಿ ತೆರೆಯುವಷ್ಟರಲ್ಲಿ ಪುಟ್ಟತಾಯಮ್ಮನೇ ಹೇಳಿದಳು:

“ನಾನೇ ಬ್ಯಾಡ ಅಂದಿದ್ದು ಕಣೆ. ನನ್ನ ಮನೆ ಗೋಡೆ.” ಆಮೇಲೆ ಕಂಬದ ಮರೆಯಲ್ಲಿ ನಿಂತಿದ್ದವಳ ಕಡೆ ತಿರುಗಿದಳು. “ಸಾಕಿ, ಬಾ ಇಲ್ಲಿ. ಆರತಿ ತಟ್ಟೆ ಆ ಕಡೆ ಹಿಡ್ಕೊ.”

ಗೋಡೆ ಬರೆದ ಯಾವ ಮನೆಯಲ್ಲೂ ಸಾಕಮ್ಮನನ್ನು ಆರತಿಗೆ ಕರೆದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಬಂದು ತಟ್ಟೆಯ ಅಂಚು ಹಿಡಿದಳು. ಕುಳ್ಳಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.