ಚಿಕ್ಕಬೀರಮ್ಮನ ಎಡಗೆನ್ನೆ

ಹಾರನಹಳ್ಳಿ ಕಡೆ ಹಲ್ಲುನೋವಿಗೆ ಮದ್ದು ಮನೆಯಲ್ಲೇ ಇರುತ್ತದೆ. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದಮಾಡುವ ಬಿಸಿಗೂಡಿನಲ್ಲಿ, ಬೇಯಿಸಿದ ಹೊಗೆಸೊಪ್ಪಿನ ಒಂದು ಚೂರು ಮುರಿದು ದವಡೆಗೆ ಒತ್ತಿಕೊಂಡರೆ ಆಯಿತು. ದಿನವೂ ಸೊಪ್ಪು ವಿಂಗಡಿಸುವ ಚಿಕ್ಕಬೀರಮ್ಮನಿಗಂತೂ ಅದು ಕೈಗೇ ಸಿಗುವ ಔಷಧಿ. ವರ್ಷಗಳಿಂದ ಅವಳ ಎಡಗೆನ್ನೆ ಖಾಲಿ ಇದ್ದದ್ದೇ ಇಲ್ಲ.

ಮೈಸೂರಿನಿಂದ ಹಲ್ಲಿನ ಡಾಕ್ಟರಿಕೆ ಓದುವ ವಿದ್ಯಾರ್ಥಿಗಳು ಬಂದು ಊರ ಶಾಲೆಯಲ್ಲಿ ಶಿಬಿರ ನಡೆಸಿದರು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಸುನಂದಮ್ಮ ಕರೆಯಲು ಬಂದಳು.

"ಬಾರಕ್ಕ, ಬಿಟ್ಟಿ ನೋಡ್ತಾರೆ."

"ಬಿಟ್ಟಿ ಯಾಕೆ ನೋಡ್ತಾರೆ ಯೋಳು? ಕಲಿಯೋ ಐಕ್ಳು ಕಣೆ ಅವು. ಕೀಳದು ಕಲಿಯಕ್ಕೆ ನನ್ ಹಲ್ಲೇ ಬೇಕಾ?"

"ಕೀಳುಸ್ಕಬ್ಯಾಡ ಬುಡು. ತೋರ್ಸು, ಅಷ್ಟೆಯ."

ಕೀಳಲು ಬಂದರೆ ಕೈ ಕಚ್ಚುವುದೆಂದು ತೀರ್ಮಾನಿಸಿಯೇ ಅವಳು ಹೋದಳು.

ಹರ್ಷಿತಾ ಎಂಬ ವಿದ್ಯಾರ್ಥಿನಿ ಇಕ್ಕಳ ಮುಟ್ಟಲೇ ಇಲ್ಲ. ಹಲ್ಲನ್ನು ಮೆಲ್ಲಗೆ ತಟ್ಟಿದಳು, ಕೆನ್ನೆಯ ಒಳಗೆ ಬೆರಳಾಡಿಸಿದಳು, ಪಾಠ ಹೇಳುವ ಡಾಕ್ಟರನ್ನು ಕರೆದು ತೋರಿಸಿದಳು. ಇಬ್ಬರೂ ಪಿಸುಗುಟ್ಟಿದರು.

"ಏನವ್ವ ಗುಸುಗುಸು? ನನ್ ಬಾಯಿ, ನಂಗೇ ಯೋಳು."

"ಹಲ್ಲು ಹುಳುಕಾಗಿದೆಯಮ್ಮ. ಎಕ್ಸ್‌ರೇ ನೋಡಿದ್ರೆ ಉಳಿಸಬಹುದಾ ಅಂತ ಗೊತ್ತಾಗುತ್ತೆ. ಆದ್ರೆ ಸೊಪ್ಪಿಡೋ ಜಾಗದಲ್ಲಿ ಬಿಳೀ ಮಚ್ಚೆ ಇದೆ. ಕೆಲವರಿಗೆ ಇಂಥದ್ದು ಮುಂದೆ ಕ್ಯಾನ್ಸರ್ ಆಗುತ್ತೆ. ಪರೀಕ್ಷೆ ಮಾಡಿಸ್ಲೇಬೇಕು."

"ಸೊಪ್ಪಿಟ್ರೆ ನೋವೇ ಇರಕಿಲ್ಲ. ಅದೆಂಗವ್ವ ಕೆಟ್ಟದ್ದಾಯ್ತದೆ?"

"ಅದು ಮರಗಟ್ಟಿಸುತ್ತೆ ಅಷ್ಟೆ. ನೋವು ಗೊತ್ತಾಗ್ಲಿಲ್ಲ ಅಂದ್ರೆ ವಾಸಿ ಆಯ್ತು ಅಂತಲ್ಲಮ್ಮ."

ಹುಡುಗಿ ಕನ್ನಡಿ ಹಿಡಿದಳು. ಮಚ್ಚೆ ಕಂಡಿತು. ಚಿಕ್ಕಬೀರಮ್ಮ ನಂಬಲಿಲ್ಲ.

"ನಿಮ್ ಕನ್ನಡೀಲೇ ಏನೋ ಅದೆ. ಸುನಂದಿ, ಓಗು, ನಮ್ಮಟ್ಟಿ ಕನ್ನಡಿ ತಕಬಾ."

ಮನೆಯ ಕನ್ನಡಿಯಲ್ಲೂ ಎಡಗೆನ್ನೆಯ ಒಳಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಸೊಪ್ಪು ಸೋಕದ ಬಲಗೆನ್ನೆ ನುಣುಪಾಗಿತ್ತು.

"ನೀನೂ ಬಾಯಿ ತಗಿ," ಎಂದಳು ಸುನಂದಮ್ಮನಿಗೆ.

"ನಾನ್ಯಾಕಕ್ಕ?"

"ಸುಮ್ಕೆ ತಗಿಯೆ!"

ಸೊಪ್ಪನ್ನೇ ಹಾಕದ ಸುನಂದಮ್ಮನಿಗೆ ಎರಡೂ ಕಡೆ ನುಣುಪು.

ಡಾಕ್ಟರು ನಕ್ಕರು. "ನಾವೂ ಹೀಗೇ ಹೋಲಿಸಿ ನೋಡೋದಮ್ಮ. ಆದ್ರೆ ಒಬ್ಬಿಬ್ಬರನ್ನಲ್ಲ, ಸೊಪ್ಪು ಹಾಕೋರು, ಹಾಕದೋರು, ಸಾವಿರಾರು ಜನರನ್ನ. ಯಾರೋ ಅಂದ್ರು ಅಂತ ನಾವು ಚಿಕಿತ್ಸೆ ಕೊಡೋಹಾಗಿಲ್ಲ. ಈ ಹುಡುಗೀನ್ನೂ ದಿನಾ ಕೇಳ್ತೀನಿ, ಆಧಾರ ಏನು ಅಂತ."

"ಪರೀಕ್ಷೆಗೆ ಚೂರು ಕುಯ್ತೀರಂತೆ. ಕತ್ತಿ ಸೋಕುದ್ರೆ ಅರಡ್ತದಂತಲ್ಲ?"

"ಹಾಗೆ ಹರಡಿದ್ದನ್ನ ಯಾರು ನೋಡಿದಾರಮ್ಮ?" ಹರ್ಷಿತಾ ಕೇಳಿದಳು.

ಚಿಕ್ಕಬೀರಮ್ಮ ಎಣಿಸಲೆಂದು ಬೆರಳು ಮಡಿಸಿದಳು. ಒಂದು ಹೆಸರೂ ಬರಲಿಲ್ಲ.

"ಪರೀಕ್ಷೆಯಿಂದ ಹರಡಲ್ಲ. ತಡ ಮಾಡಿದ್ರೇ ಅಪಾಯ," ಎಂದಳು ಹರ್ಷಿತಾ.

ಗಂಡ ಮರಿಯಯ್ಯನ ಜೊತೆ ಅವಳು ಮೈಸೂರಿಗೆ ಹೋದಳು. ಪ್ರತಿಯೊಂದಕ್ಕೂ ಯಾಕೆ, ಏನು ಎಂದು ಕೇಳಿ ದಾದಿಯರನ್ನು ಸುಸ್ತು ಮಾಡಿದಳು. ಹಲ್ಲಿನ ಬೇರಿಗೆ ಚಿಕಿತ್ಸೆ ಮಾಡಿ ಹಲ್ಲು ಉಳಿಸಿದರು. ಮಚ್ಚೆಯ ಚೂರು ತೆಗೆದು ಮಾಡಿದ ಪರೀಕ್ಷೆಯ ಫಲಿತಾಂಶವೂ ಬಂತು: ಕ್ಯಾನ್ಸರ್ ಆಗಿಲ್ಲ, ಆದರೆ ಆ ಕಡೆಗೆ ಹೊರಟಿದೆ. ಸೊಪ್ಪು ಪೂರ್ತಿ ಬಿಡಬೇಕು, ತಪ್ಪದೆ ತೋರಿಸುತ್ತಿರಬೇಕು. ಕೇಳುತ್ತಾ ನಿಂತಿದ್ದ ಮರಿಯಯ್ಯ ಮೆಲ್ಲಗೆ ಹೊರಗೆ ಹೋಗಿ ತನ್ನ ಬಾಯಲ್ಲಿದ್ದದ್ದನ್ನು ಉಗಿದು ಬಂದ.

ನೀವೂ ಅನುಮಾನ ಬಿಡಬೇಡಿ. ಹಲ್ಲು ಕೀಳಬೇಕು ಎಂದವರನ್ನು ಯಾಕೆ ಎಂದು ಕೇಳಿ. ಸೊಪ್ಪಿಟ್ಟರೆ ವಾಸಿ ಎಂದವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ. ನೋವು ಬರಲಿ ಎಂದು ಕಾಯಬೇಡಿ. ಇಂಥವು ಮೊದಮೊದಲು ನೋಯುವುದೇ ಇಲ್ಲ.