ಬಿಯಾಜೊ ಹೇಳಿದ ಬೆಂಚು

ಇಟಲಿಯ ನಮ್ಮ ಪ್ರೊಚಿದಾ ದ್ವೀಪದಿಂದ ಯಾರೇ ವಿಹಾರದ ಹಡಗು ಹತ್ತಲಿ, ಮೊದಲು ಬಿಯಾಜೊನ ಅಡುಗೆಮನೆಗೆ ಬಂದು ಒಂದು ಕಪ್ ಕಾಫಿ ಕುಡಿದು ಹೋಗುವುದು ರೂಢಿಯಾಗಿತ್ತು. ಅಂಥ ಹಡಗುಗಳಲ್ಲಿ ಅಡುಗೆಯವನಾಗಿ ತಲೆ ನರೆಸಿಕೊಂಡವನು ಅವನು. ಮೆಡಿಟರೇನಿಯನ್ನಿನ ಬಂದರುಗಳೆಲ್ಲ ಅವನಿಗೆ ಅಂಗೈ ನೆಲ್ಲಿಕಾಯಿ ಎಂದು ಊರಿಗೆ ಊರೇ ನಂಬಿತ್ತು. ದ್ವೀಪದಲ್ಲಿ ಕ್ಯಾಪ್ಟನ್ನುಗಳಿಗೇನೂ ಬರವಿರಲಿಲ್ಲ, ಬೀದಿಗೆ ನಾಲ್ಕು ಮಂದಿ ಇದ್ದರು. ಆದರೆ ಅವರನ್ನು ಕೇಳಿದರೆ ಗಾಳಿಯ ವೇಗ, ನೀರಿನ ಆಳ ಎಂದು ಶುರುಮಾಡಿ ಕೇಳುವವರಿಗೆ ನಿದ್ದೆ ಬರಿಸುತ್ತಿದ್ದರು. ಬಿಯಾಜೊ ಕೆಲಸಕ್ಕೆ ಬರುವ ಮಾತು ಹೇಳುತ್ತಿದ್ದ.

"ಕೋಣೆ ಹಡಗಿನ ನಡುಮಧ್ಯ ತಗೊಳ್ಳಿ, ಕೆಳಗಿನ ಅಂತಸ್ತಲ್ಲಿ. ಹೊಟ್ಟೆ ತೊಳಸಲ್ಲ. ತೊಳಸಿದ್ರೂ ಹಸಿರು ಸೇಬು, ಒಣ ಬ್ರೆಡ್ಡು ತಿನ್ನಿ, ಸರಿಹೋಗುತ್ತೆ. ಮೊದಲ ದಿನ ಎಲ್ರೂ ಕುರಿ ಹಿಂಡಿನ ಥರ ಮೇಲಿನ ಊಟದ ಸಾಲಿಗೆ ನುಗ್ತಾರೆ. ನೀವು ಕೆಳಗಿನ ಹಾಲ್‌ಗೆ ಹೋಗಿ, ರಾಜರ ಥರ ಕೂತ್ಕೊಂಡು ತಿನ್ನಿ. ಬಂದರಲ್ಲಿ ಊಟದ ಫೋಟೋ ಗೋಡೆಗೆ ಅಂಟಿಸಿರೋ ಹೋಟ್ಲು ಕಂಡ್ರೆ ಹಿಂದೆ ತಿರುಗಿ ನೋಡದೆ ಓಡಿ. ವಾಪಸ್ ಬರೋದು ಮಾತ್ರ ಹೊತ್ತಿಗೆ ಮುಂಚೆ. ಹಡಗು ಪೋಪ್ ಬಂದ್ರೂ ಕಾಯಲ್ಲ."

ಕೊನೆಯ ರಾತ್ರಿ, ಹಡಗಿನವರು ಒಯ್ಯಲೆಂದು ಪೆಟ್ಟಿಗೆಯನ್ನು ಕೋಣೆಯಾಚೆ ಇಡುವ ಮುಂಚೆ ಮರುದಿನದ ಬಟ್ಟೆ ತೆಗೆದಿಟ್ಟುಕೊಳ್ಳಿ ಎಂದೂ ಹೇಳುತ್ತಿದ್ದ. ಔಷಧದಂಗಡಿಯ ಯಜಮಾನರು ಅದೊಂದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನೇಪಲ್ಸ್ ಬಂದರಿನಲ್ಲಿ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು ಇಳಿದರು. ಅಂದಿನಿಂದ ಬಿಯಾಜೊನ ಮಾತು ದ್ವೀಪದಲ್ಲಿ ವೇದವಾಕ್ಯವಾಯಿತು.

ಬಂದವರೆಲ್ಲ ಹೋದ ಮೇಲೆ, ಹೆಂಡತಿ ಅಸ್ಸುಂತಾಳಿಗೆ ಮಾತ್ರ ಅವನು ಹೇಳುತ್ತಿದ್ದ ಒಂದು ಮಾತಿತ್ತು. ಮಾಲ್ಟಾದಲ್ಲಿ ಬಂದರಿನಿಂದ ಮೇಲಕ್ಕೆ ಕಲ್ಲಿನ ಮೆಟ್ಟಿಲಿವೆ, ತುದಿಯಲ್ಲಿ ದೊಡ್ಡ ಅಂಜೂರದ ಮರ, ಪಕ್ಕದಲ್ಲಿ ಸಿಂಹದ ಬಾಯಿಂದ ನೀರು ಬೀಳುವ ತೊಟ್ಟಿ, ಮರದ ಕೆಳಗೊಂದು ಬೆಂಚು. "ಹಡಗು ಅಲ್ಲಿಗೆ ಹೋದಾಗೆಲ್ಲ ಆ ಬೆಂಚಿನ ಮೇಲೆ ಕೂತ್ಕೊಂಡು ನಿನ್ನ ನೆನೆಸ್ಕೋತೀನಿ ಕಣೆ," ಎನ್ನುತ್ತಿದ್ದ. ಎಂಟೆಂಟು ತಿಂಗಳು ಗಂಡನ ಮುಖ ಕಾಣದೆ, ನಿಂಬೆತೋಟ, ಅತ್ತೆಯ ಕೆಮ್ಮು ಎರಡನ್ನೂ ನೋಡಿಕೊಂಡವಳಿಗೆ ಆ ಒಂದು ಬೆಂಚು ಸಾಕಾಗಿತ್ತು. ಪಿಂಚಣಿ ಬಂದ ಮೇಲೆ ಇಬ್ಬರೂ ಹೋಗುವುದು ಎಂದಿತ್ತು. ಪಿಂಚಣಿ ಬಂತು. ಅದರ ಬೆನ್ನಿಗೇ ಬಿಯಾಜೊನ ಎದೆಗೆ ಕಾಯಿಲೆ ಬಂತು.

ಅವನು ಹೋಗಿ ಎರಡು ಚಳಿಗಾಲ ಕಳೆದಿತ್ತು. ಅಸ್ಸುಂತಾಳ ಮಂಡಿಗಳು ಮುಷ್ಕರ ಹೂಡಿದ್ದವು. ಇನ್ನೊಂದು ವರ್ಷ ಬಿಟ್ಟರೆ ಮೆಟ್ಟಿಲು ಹತ್ತುವ ಮಾತಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅದಕ್ಕೇ ಆ ವಸಂತದಲ್ಲಿ ಅವಳು ನಾದಿನಿ ಇಮ್ಮಾಳನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಅವಳಿಗೆ ಬೇಕಿದ್ದದ್ದು ಒಂದೇ, ಗಂಡ ಕೂತ ಜಾಗದಲ್ಲಿ ಒಂದು ಗಳಿಗೆ ಕೂತು ಬರುವುದು.

ಇಮ್ಮಾ ಬಿಯಾಜೊನ ತಂಗಿ. ಮದುವೆಯಾಗಲಿಲ್ಲ, ಅದಕ್ಕೆ ಇಡೀ ಗಂಡು ಕುಲವನ್ನೇ ದೂರುತ್ತಿದ್ದಳು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ಇಮ್ಮಾಳ ನಾಲಿಗೆಗೆ ಲಗಾಮೂ ಇರಲಿಲ್ಲ.

"ಅತ್ತಿಗೆ, ಕೋಣೆ ನಡುಮಧ್ಯ, ಕೆಳಗಿನ ಅಂತಸ್ತು, ಎಲ್ಲಾ ಸರಿ. ಕಿಟಕಿ ಎಲ್ಲಿ?" ಎಂದಳು ಬಂದವಳೇ.

"ಕಿಟಕಿಗೆ ದುಡ್ಡು ದಂಡ ಅಂತ ನಿಮ್ಮಣ್ಣನೇ ಹೇಳಿದ್ದು. ಕೋಣೇಲಿ ಕೂರೋಕೆ ಹಡಗು ಹತ್ತಬೇಕಾ ಅಂತಿದ್ದ."

"ಹೌದಮ್ಮ. ಸತ್ತ ಮೇಲೂ ನಮ್ಮನ್ನ ಪೆಟ್ಟಿಗೇಲಿ ಹಾಕಿ ಮುಚ್ಚೋಕೆ ನಮ್ಮಣ್ಣನೇ ಬೇಕು!"

ಮೊದಲ ದಿನ ಇಬ್ಬರೂ ಕೆಳಗಿನ ಹಾಲ್‌ಗೇ ಹೋದರು. ಬಿಯಾಜೊ ಹೇಳಿದಂತೆ ಅದು ಅರ್ಧಕ್ಕರ್ಧ ಖಾಲಿಯಿತ್ತು. ಬಡಿಸುವವರ ಮೇಲಿನ ಯಜಮಾನ, ಸಾಲ್ವೊ ಎಂಬ ಬೋಳುತಲೆಯ ಗಂಡಸು, ಊರು ಯಾವುದೆಂದು ಕೇಳಿದ. ಪ್ರೊಚಿದಾ ಎಂದದ್ದೇ ಅವನ ಹುಬ್ಬು ಮೇಲೇರಿತು. ಬಿಯಾಜೊನ ಹೆಸರು ಹೇಳಿದ್ದೇ ಕೈಲಿದ್ದ ತಟ್ಟೆ ಪಕ್ಕಕ್ಕಿಟ್ಟು ಅಸ್ಸುಂತಾಳ ಎರಡೂ ಕೈ ಹಿಡಿದುಕೊಂಡ. "ಅತ್ತಿಗೆ! ನಾನು ಬಡಿಸೋಕೆ ಸೇರಿದಾಗ ತರಕಾರಿ ವಿಭಾಗದಲ್ಲಿ ಬಿಯಾಜೊ ಅಣ್ಣನೇ ಇದ್ದದ್ದು. ನೀವು ನನ್ನ ಮೇಜಿಗೇ ಬರ್ಬೇಕು, ಬೇರೆ ಕಡೆ ಕೂತ್ರೆ ನನಗೆ ಅವಮಾನ," ಎಂದ. ಅವತ್ತಿಂದ ಅವರಿಬ್ಬರ ತಟ್ಟೆಗೆ ಬಂದ ಮೀನು ಪಕ್ಕದ ಮೇಜಿನವರದಕ್ಕಿಂತ ಒಂದು ಕೈ ದೊಡ್ಡದೇ ಇರುತ್ತಿತ್ತು.

ಪಲೆರ್ಮೊದಲ್ಲಿ ಬಿಯಾಜೊನ ಮಾತು ಅಕ್ಷರಶಃ ನಿಜವಾಯಿತು. ಅವನು ಹೇಳುತ್ತಿದ್ದ ಹಾಗೆಯೇ ಬಂದರಿನ ಗೇಟು ದಾಟಿ ಮೊದಲ ಬೀದಿ ಬಿಟ್ಟು, ಎರಡನೆಯದು ಬಿಟ್ಟು, ಒಗೆದ ಬಟ್ಟೆ ಒಣಹಾಕಿದ ಓಣಿ ಹಿಡಿದರೆ ಸಿಕ್ಕಿದ್ದು ಕಡಲೆಹಿಟ್ಟಿನ ಬಿಲ್ಲೆ ಕರಿಯುವವನ ಗಾಡಿ. ಬ್ರೆಡ್ಡಿನ ನಡುವೆ ಬಿಸಿಬಿಸಿ ಬಿಲ್ಲೆ ಇಟ್ಟು ನಿಂಬೆ ಹಿಂಡಿ ಕೊಟ್ಟ. ಇಮ್ಮಾಳೂ ಬಾಯಿ ಮುಚ್ಚಿಕೊಂಡು ತಿಂದಳು. ಅಸ್ಸುಂತಾಳ ಕಣ್ಣಲ್ಲಿ ನೀರಾಡಿತು. ಇಲ್ಲೇ ನಿಂತಿದ್ದನಲ್ಲ, ಇದೇ ಎಣ್ಣೆಯ ವಾಸನೆ ಕುಡಿದಿದ್ದನಲ್ಲ ಎಂದುಕೊಂಡಳು. ಅವನು ಹೋದ ಮೇಲೆ ಅಷ್ಟು ಸುಖವಾಗಿ ಅವಳು ಎಂದೂ ಅತ್ತಿರಲಿಲ್ಲ.

ಮಾರನೆಯ ದಿನ ಮಾಲ್ಟಾ. ಬಂದರಿಂದ ಮೇಲಕ್ಕೆ ಹೋಗಲು ಲಿಫ್ಟಿತ್ತು. ಅಸ್ಸುಂತಾ ಅದರ ಕಡೆ ತಿರುಗಿಯೂ ನೋಡಲಿಲ್ಲ. ಗೋಡೆ ಹಿಡಿದು, ನಿಂತು, ಉಸಿರೆಳೆದು, ಮತ್ತೆ ಹತ್ತಿ, ಬೆಳಗೆಲ್ಲ ಮೆಟ್ಟಿಲಿನ ಮೇಲೇ ಕಳೆದಳು. ತುದಿಯಲ್ಲಿ ಕಾರುಗಳು ನಿಂತಿದ್ದವು. ಅಂಜೂರದ ಮರವಿಲ್ಲ, ತೊಟ್ಟಿಯಿಲ್ಲ. ಬೇರೆ ಮೆಟ್ಟಿಲಿರಬೇಕೆಂದು ಇಳಿದು ಇನ್ನೊಂದು ಕಡೆ ಹತ್ತಿದರು. ಅಲ್ಲೂ ಇಲ್ಲ. ಕೊನೆಗೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕನೊಬ್ಬನನ್ನು ಕೇಳಿದರು. ಅವನಿಗೆ ಇಟಾಲಿಯನ್ ಚೆನ್ನಾಗಿ ಬರುತ್ತಿತ್ತು.

"ನಾನು ಹುಟ್ಟಿದ್ದೇ ಈ ಮೆಟ್ಟಿಲ ಮೇಲೆ ತಾಯಿ. ಅಂಜೂರಾನೂ ಇಲ್ಲ, ಸಿಂಹಾನೂ ಇಲ್ಲ. ಮೇಲ್ಗಡೆ ಒಂದು ಕತ್ತೆ ಇತ್ತು, ಅದೂ ಸತ್ತು ಎಷ್ಟೋ ಕಾಲ ಆಯ್ತು."

"ಮರ ಕಡಿದಿರಬಹುದಾ?"

"ಇದ್ದಿದ್ರಲ್ವೇ ಕಡಿಯೋದು!"

ಹಿಂತಿರುಗುವಾಗ ಇಮ್ಮಾಳ ನಾಲಿಗೆ ಸುಮ್ಮನಿರಲಿಲ್ಲ. "ಮಾಲ್ಟಾದಲ್ಲಿ ಅಣ್ಣ ಯಾರ ಮನೆ ಬೆಂಚಿನ ಮೇಲೆ ಕೂರ್ತಿದ್ನೋ, ಯಾರಿಗ್ ಗೊತ್ತು ಅತ್ತಿಗೆ," ಎಂದುಬಿಟ್ಟಳು. ಆಡಿದ ಮಾತು, ಒಡೆದ ಮುತ್ತು. ಅತ್ತಿಗೆಯ ಮುಖ ನೋಡಿ ಇಮ್ಮಾ, "ನನ್ನ ಬಾಯಿಗೆ ಮಣ್ಣು ಹಾಕ, ತಮಾಷೆಗೆ ಅಂದೆ ಕಣೆ," ಎಂದು ಹಡಗಿನವರೆಗೂ ಗೋಗರೆದಳು. ಬೇರೆ ಹೆಂಗಸು ಎಂಬುದನ್ನು ಅಸ್ಸುಂತಾ ನಂಬಲಿಲ್ಲ. ಅವಳನ್ನು ಕೊರೆದದ್ದು ಬೇರೆ. ಬೆಂಚು ಸುಳ್ಳಾದರೆ, ಅದರ ಮೇಲೆ ಕೂತು ನೆನೆಸಿಕೊಂಡದ್ದೂ ಸುಳ್ಳೇ ಅಲ್ಲವೇ?

ಮರುದಿನ ಬಂದರಿರಲಿಲ್ಲ, ಇಡೀ ದಿನ ಬರೀ ಸಮುದ್ರ. ಅಂಥ ದಿನ ಜನ ಈಜುಕೊಳದ ಸುತ್ತ ಕುರ್ಚಿಗಾಗಿ ಜಗಳವಾಡುತ್ತಾರೆ, ಇಮ್ಮಾಳೂ ಟವೆಲ್ ಹಾಸಿ ಒಂದನ್ನು ಹಿಡಿದಿದ್ದಳು. ಮಧ್ಯಾಹ್ನದ ಊಟ ಮುಗಿದು ಹಾಲ್ ಖಾಲಿಯಾದಾಗ ಅಸ್ಸುಂತಾ ಒಬ್ಬಳೇ ಕೆಳಗಿಳಿದಳು. ಸಾಲ್ವೊ ರಾತ್ರಿಯ ಮೇಜುಗಳಿಗೆ ಕೈವಸ್ತ್ರ ಮಡಿಸುತ್ತಿದ್ದ. ಅವಳು ಬಂದ ವಿಷಯ ಹೇಳಿದಳು, ಮರ, ಸಿಂಹ, ಬೆಂಚು.

ಸಾಲ್ವೊ ಮೊದಲು ನಕ್ಕ. "ಅಯ್ಯೋ ಅತ್ತಿಗೆ, ಅದು ಮಾಲ್ಟಾ ಅಲ್ಲ, ಮಯೋರ್ಕಾದ ಪಾಲ್ಮಾ! ಒಂದು ವಾರ ನಾನು ಎರಡೂ ಕಡೆ ಮೆಟ್ಟಿಲು ಹತ್ತಿ ಬಂದಿದ್ದೆ. ಅಣ್ಣ ಈರುಳ್ಳಿ ಹೆಚ್ಚೋವಾಗ ಒಟ್ಟಿಗೇ ಹೇಳ್ದೆ ನೋಡಿ, ಅದಕ್ಕಿದು ಸೇರಿಸ್ಕೊಂಡಿದಾನೆ." ಅಷ್ಟು ಹೇಳಿದವನು ತಟ್ಟನೆ ನಿಲ್ಲಿಸಿದ. ತಾನೇನು ಹೇಳಿಬಿಟ್ಟೆ ಎಂದು ಅವನಿಗೆ ಗೊತ್ತಾಯಿತು.

"ನೀನು ಹೇಳ್ದೆಯಾ?" ಎಂದಳು ಅಸ್ಸುಂತಾ. "ಅವನು ಹೋಗಿರ್ಲಿಲ್ವಾ?"

ಸಾಲ್ವೊ ಒಂದು ಕೈವಸ್ತ್ರ ಮಡಿಸಿದ, ಬಿಚ್ಚಿದ. "ಬಡಿಸೋರಿಗೆ ಬಂದರಲ್ಲಿ ಸರದಿ ಮೇಲೆ ಬಿಡುವು ಸಿಗ್ತಿತ್ತು ಅತ್ತಿಗೆ. ಅಡುಗೆಮನೆಯವರಿಗೆಲ್ಲಿ? ಬಂದರು ಬಂದ ದಿನಾನೇ ಸಾಮಾನು ಬರೋದು. ಮೂಟೆ ಇಳಿಸ್ಕೊಂಡು, ತೊಳೆದು, ರಾತ್ರಿ ಊಟಕ್ಕೆ ಹೆಚ್ಚಿಡೋ ಹೊತ್ತಿಗೆ ಹಡಗು ಹೊರಟಿರೋದು. ಸಿಗರೇಟು ಸೇದೋಕೆ ಅಂತ ಹಗ್ಗ ಸುತ್ತೋ ಜಾಗದಲ್ಲಿ ಒಂದು ಕಂಡಿ ಇತ್ತು, ಅಲ್ಲಿ ಟೊಮ್ಯಾಟೊ ಡಬ್ಬ ಕವುಚಿ ಹಾಕ್ಕೊಂಡು ಕೂರ್ತಿದ್ದ. ಅದೂ ಸಮುದ್ರದ ಕಡೆಗೆ. ಊರು ಈ ಕಡೆ ಇರೋದು, ಕಂಡಿ ಆ ಕಡೆ."

"ಪಲೆರ್ಮೊದಲ್ಲಿ ಬಿಲ್ಲೆ ಮಾರೋನು?"

"ಅದೂ ನಾನೇ."

"ಮಾರ್ಸೇಲ್ಸ್? ಆ ಬಿಳೀ ಚರ್ಚು, ಮೀನು ಮಾರೋ ಹೆಂಗಸರು?"

"ಅದು ನಿಕೋಲ ಅಂತ ಇನ್ನೊಬ್ಬ, ಪಾಪ ಅವನೂ ಈಗಿಲ್ಲ."

ಅಸ್ಸುಂತಾಳಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ವರ್ಷ ನನ್ನ ಕಿವಿ ಮೇಲೆ ಹೂವಿಟ್ಟ! ಊರಿಗೆಲ್ಲ ಹೇಳ್ದ, ಔಷಧದಂಗಡಿಯವರಿಗೆ ಹೇಳ್ದ, ಪಾದ್ರಿಗೂ ಹೇಳ್ದ! ನಾನು ದಿನಾ ಆ ಬೆಂಚು ನೆನೆಸ್ಕೊಂಡು ಮಲಗ್ತಿದ್ದೆ ಕಣೋ!"

ಸಾಲ್ವೊ ಕುರ್ಚಿ ಎಳೆದು ಅವಳನ್ನು ಕೂರಿಸಿದ, ತಾನೂ ಎದುರಿಗೆ ಕೂತ. ಕೆಲಸದ ಹೊತ್ತಿನಲ್ಲಿ ಅವನು ಆ ಹಾಲ್‌ನಲ್ಲಿ ಕೂತದ್ದು ಅದೇ ಮೊದಲಿರಬೇಕು, ದೂರದಲ್ಲಿ ಲೋಟ ಒರೆಸುತ್ತಿದ್ದ ಹುಡುಗಿ ಬೆರಗಾಗಿ ನೋಡಿದಳು.

"ನಮ್ಮಲ್ಲೊಂದು ಲೆಕ್ಕ ಇತ್ತು ಅತ್ತಿಗೆ. ಊರು ನೋಡಿ ಬಂದು ಚೆನ್ನಾಗಿ ಹೇಳಿದೋನಿಗೆ ಹುರಿದ ಮಾಂಸದ ಒಳ್ಳೇ ತುಂಡು, ಅಣ್ಣ ತನ್ನ ಪಾಲಿನದನ್ನೇ ಎತ್ತಿಟ್ಟಿರೋನು. ಒಂದ್ಸಲ ಪಾಲ್ಮಾದಲ್ಲಿ ಬಿಸಿಲು ಜಾಸ್ತಿ ಅಂತ ನಾನು ಮೇಲೆ ಹತ್ತಲೇ ಇಲ್ಲ. ಕೆಳಗೇ ಬಿಯರ್ ಕುಡಿದು ಬಂದು, ಮಾಂಸದಾಸೆಗೆ ಬಾಯಿಗೆ ಬಂದದ್ದು ಹೇಳ್ದೆ. ಬೆಂಚಿನ ಮೇಲೆ ಕೂತಾಗ ಗಾಳಿ ಯಾವ ಕಡೆಯಿಂದ ಬರ್ತಿತ್ತು ಅಂತ ಕೇಳ್ದ. ತಡವರಿಸ್ದೆ. ಅಣ್ಣ ಚಾಕು ಕೆಳಗಿಟ್ಟ. ಅಷ್ಟು ಸಿಟ್ಟು ಅವನಿಗೆ ಬಂದದ್ದು ನಾನು ನೋಡೇ ಇಲ್ಲ. 'ಸುಳ್ಳು ಹೇಳ್ಬೇಡ ಕಣೋ, ಇದು ನನ್ನ ಹೆಂಡ್ತಿಗೆ ಹೇಳೋದು,' ಅಂದ."

ಅಸ್ಸುಂತಾ ಕೈವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಮುಂದಿನ ವಾರ ಮತ್ತೆ ಕಳಿಸ್ದ. ಹೋಗು, ಕೂತ್ಕೋ, ಬೇಗ ಏಳ್ಬೇಡ ಅಂದ. ಎಡಗಡೆ ಏನಿದೆ, ಬಲಗಡೆ ಏನಿದೆ, ಮರದ ನೆರಳು ಎಲ್ಲಿಗೆ ಬೀಳುತ್ತೆ... ಅವಳು ಕೇಳ್ತಾಳೆ ಅಂದ. ನೀವು ಹಾಗೆ ಕೇಳ್ತಿದ್ರಾ ಅತ್ತಿಗೆ?"

ಕೇಳುತ್ತಿದ್ದಳು. ಮದುವೆಯ ಮೊದಲ ವರ್ಷ, ಅವನು ಮೊದಲ ಸಲ ಹಡಗಿಂದ ಬಂದಾಗ, ಚೀಲ ಇಳಿಸುವುದಕ್ಕೂ ಬಿಡದೆ ಕೇಳಿದ್ದಳು. ಏನೇನು ನೋಡಿದೆ ಹೇಳು, ಎಲ್ಲಾ ಹೇಳು, ಒಂದೂ ಬಿಡಬೇಡ. ದ್ವೀಪದ ಈ ತುದಿಯಿಂದ ಆ ತುದಿ ಬಿಟ್ಟು ಬೇರೇನೂ ಕಾಣದ ಹುಡುಗಿ. ಅವನು ಬಾಗಿಲಲ್ಲೇ ನಿಂತು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ್ದ. ಈರುಳ್ಳಿ ನೋಡಿದೆ ಎಂದು ಆ ಮುಖಕ್ಕೆ ಹೇಗೆ ಹೇಳುವುದು? ಅವಳ ಸಿಟ್ಟು ಎಲ್ಲಿ ಹೋಯಿತೋ ಏನೋ. ಬೆಂಚಿನ ಮೇಲೆ ಕೂತು ಒಂದು ಗಳಿಗೆ ನೆನೆಯುವುದು ಯಾರಿಗಾದರೂ ಬರುತ್ತದೆ. ಬೆಂಚೇ ಇಲ್ಲದವನು ಬರೀ ಅವಳಿಗಾಗಿ ಊರೂರನ್ನು ಕೂಡಿಹಾಕಿದ್ದ. ಅವಳು ಅತ್ತಳು, ಸಾಲ್ವೊ ತಾನು ಮಡಿಸಿಟ್ಟ ಕೈವಸ್ತ್ರವನ್ನೇ ಬಿಚ್ಚಿ ಕೊಟ್ಟ.

ಹಡಗಿನ ಮುಂದಿನ ಬಂದರು ಪಾಲ್ಮಾ, ಅಲ್ಲಿ ಮೇಲೆ ಹತ್ತುವುದು ಬೇಡವೆಂದಳು ಇಮ್ಮಾ. "ಆ ಮಂಡಿ ಇಟ್ಕೊಂಡು ಮತ್ತೆ ಮೆಟ್ಟಿಲಾ? ಅಣ್ಣ ಕೂರದ ಬೆಂಚಿಗೆ ಯಾಕೆ ಹೋಗ್ತೀಯೆ?"

"ಬಂದ್ರೆ ಬಾ, ಇಲ್ದಿದ್ರೆ ನಿನ್ನ ಟವೆಲ್ ಹಾಸ್ಕೊಂಡು ಬಿದ್ದಿರು."

ಬೈದುಕೊಂಡೇ ಇಮ್ಮಾ ಅವಳ ತೋಳು ಹಿಡಿದು ಹತ್ತಿಸಿದಳು. ಮೆಟ್ಟಿಲ ತುದಿಯಲ್ಲಿ ಅಂಜೂರದ ಮರವಿತ್ತು. ಸಿಂಹದ ಮೂಗು ಮುರಿದಿತ್ತು, ನೀರು ನಿಂತು ಎಷ್ಟೋ ಕಾಲವಾದಂತಿತ್ತು. ಬೆಂಚಿನ ಮೇಲೆ ಯಾರೋ ಬಿಟ್ಟು ಹೋದ ಕಿತ್ತಳೆ ಸಿಪ್ಪೆ ಇತ್ತು. ಅಸ್ಸುಂತಾ ಅದನ್ನು ಸರಿಸಿ ಕೂತಳು. ಕೆಳಗೆ ಬಂದರು, ಬಂದರಿನಲ್ಲಿ ಅವರ ಹಡಗು, ಬೆಳ್ಳಗೆ, ಊರ ಕಡೆಯ ಮಗ್ಗುಲು ಪೂರ್ತಿ ಕಾಣುತ್ತಿತ್ತು. ಆಚೆ ಮಗ್ಗುಲು ಕಾಣುತ್ತಿರಲಿಲ್ಲ. ಅವಳು ಬಹಳ ಹೊತ್ತು ಆ ಕಾಣದ ಕಡೆಯನ್ನೇ ನೋಡಿದಳು. ಆಮೇಲೆ ಮೆಲ್ಲನೆ ತುಟಿಯಾಡಿಸತೊಡಗಿದಳು.

"ಯಾರ ಹತ್ರ ಮಾತಾಡ್ತಿದೀಯೆ ಅತ್ತಿಗೆ?" ಎಂದಳು ಇಮ್ಮಾ ಗಾಬರಿಯಿಂದ.

"ಸುಮ್ನಿರು," ಎಂದಳು ಅಸ್ಸುಂತಾ. "ನಿಮ್ಮಣ್ಣನಿಗೆ ಹೇಳ್ತಿದೀನಿ. ಎಡಗಡೆಯಿಂದ ಶುರು ಮಾಡಿದೀನಿ, ಇನ್ನೂ ಅರ್ಧಾನೂ ಆಗಿಲ್ಲ."