ಪಂಜರದ ಆಳಿನ ಒಂದೇ ಮಾತು

ಹಕ್ಕಿಯೋ, ಅಕ್ಕಿಯೋ? ಬಾಯಿ ತೆರೆದ ಮೇಲಲ್ಲವೇ ಗೊತ್ತಾಗುವುದು. ಮನಸ್ಸಿನಲ್ಲಿ ಹೇಳಿಕೊಂಡಾಗ ಹಕಾರ ಸರಿಯಾಗಿಯೇ ಇರುತ್ತದೆ. ನಾಲಗೆಗೆ ಬರುವಷ್ಟರಲ್ಲಿ ಎಲ್ಲಿ ಉದುರಿಹೋಗುತ್ತದೋ. ಗುಂಡ್ಲುಪೇಟೆಯ ಸಭಾಂಗಣದಲ್ಲಿ, ಪರದೆಯ ಹಿಂದೆ ಖಾಲಿ ಪಂಜರ ಹಿಡಿದು ನಿಂತಿದ್ದ ಮಾದೇಶ ಅಂಗೈಯನ್ನು ತುಟಿಯ ಮುಂದಿಟ್ಟು ಹೇಳಿ ನೋಡಿದ. ಉಸಿರು ತಾಗಿದರೆ ಹಕ್ಕಿ, ತಾಗದಿದ್ದರೆ ಅಕ್ಕಿ. ನಿರ್ದೇಶಕಿ ಶಶಿರೇಖಾ ಮೇಡಂ ಕಲಿಸಿದ ಉಪಾಯ ಅದು.

ಆ ವರ್ಷ ವಿಶ್ವವಿದ್ಯಾಲಯದ ನಾಟಕ ವಿಭಾಗ ಮೂರು ನಾಟಕಗಳನ್ನು ಊರೂರಿಗೆ ಒಯ್ದಿತ್ತು. ಮೊದಲೆರಡರಲ್ಲಿ ಕುದೇರಿನ ಮಾದೇಶನಿಗೆ ಸಿಂಹಾಸನ ಹೊರುವ ಕೆಲಸವಷ್ಟೆ. ಮೂರನೆಯದರಲ್ಲಿ ಅಂತೂ ಒಂದು ಮಾತು ಸಿಕ್ಕಿತು. ರಾಣಿ ಸಾಕಿದ ಹಕ್ಕಿಯನ್ನು ಕಾಯುವ ಆಳು ಅವನು. ಕೊನೆಯಲ್ಲಿ ರಾಣಿ, "ನನ್ನ ಜೀವ ಎಲ್ಲಿ?" ಎಂದು ಕೇಳುತ್ತಾಳೆ. "ಹಕ್ಕಿ ಹಾರಿಹೋಯಿತು, ತಾಯಿ" ಅನ್ನಬೇಕು. ರಾಣಿ ಕುಸಿಯಬೇಕು, ನಾಟಕ ಮುಗಿಯಬೇಕು.

ಹಿಂದಿನ ಸಂಜೆ ಚಾಮರಾಜನಗರದಲ್ಲಿ ಅವನು "ಅಕ್ಕಿ ಆರೋಯ್ತು" ಅಂದುಬಿಟ್ಟಿದ್ದ.

"ಆರಿದ್ರೆ ಒಳಕ್ಕೆ ಎತ್ತಿಡ್ಲಾ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಕುಸಿದಿದ್ದ ರಾಣಿಯ ಭುಜವೂ ಕುಲುಕಾಡಿತು.

"ಇನ್ನೊಂದ್ಸಲ ಹೀಗಾದ್ರೆ ಪಾತ್ರ ಸೋಮೇಶಂಗೆ ಕಣಪ್ಪ," ಎಂದಿದ್ದರು ಮೇಡಂ. ಬೈದಿದ್ದರೆ ವಾಸಿಯಿತ್ತು.

ಈಗ ಆ ಸೋಮೇಶನೇ ಪಕ್ಕಕ್ಕೆ ಬಂದ. ಇಬ್ಬರದೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. "ಯಾಕ್ಲಾ, ಕೈಗೆ ಊದ್ಕೊಂಡು ನಿಂತಿದ್ದೀಯ? ಮುದ್ದೆ ಸುಟ್ಬುಡ್ತಾ?"

"ಓಗ್ಲಾ ಅತ್ಲಾಗಿ."

"ಹೋಗ್ಲಾ ಅನ್ನು. ಈಗ್ಲೂ ಕಲೀನಿಲ್ವಲ್ಲ!"

ಅಷ್ಟರಲ್ಲಿ ಸರದಿ ಬಂತು. ದೀಪದ ಬೆಳಕಿನಲ್ಲಿ ರಾಣಿಯಾಗಿದ್ದ ಕಾವ್ಯಶ್ರೀ ಅವನತ್ತ ತಿರುಗಿದಳು. "ನನ್ನ ಜೀವ ಎಲ್ಲಿ?"

ಮಾದೇಶ ಬಾಯಿ ತೆರೆದ. ಗಂಟಲಿನಿಂದ ಎದ್ದು ಬಂದದ್ದು 'ಅ'. ಅದು ಹೊರಬೀಳುವ ಮೊದಲೇ ತುಟಿ ಬಿಗಿದುಕೊಂಡ. ಕಾವ್ಯಶ್ರೀ ಕಾದಳು. ಸಭೆಯೂ ಕಾಯಿತು. ಇನ್ನು ಮಾಡುವುದೇನು? ಪಂಜರವನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ. ಅವಳು ಬಾಗಿಲಲ್ಲಿ ಬೆರಳು ತೂರಿಸಿ, ಒಳಗೆಲ್ಲ ತಡವಿ, ಸದ್ದಿಲ್ಲದೆ ನೆಲಕ್ಕೆ ಕೂತಳು. ಯಾರೂ ಕೆಮ್ಮಲಿಲ್ಲ. ದೀಪ ಆರಿ ಎಷ್ಟೋ ಹೊತ್ತಾದ ಮೇಲೆ ಚಪ್ಪಾಳೆ ಶುರುವಾಯಿತು.

ಬಣ್ಣದ ಮನೆಗೆ ಬಂದ ಮೇಡಂ ಕಣ್ಣು ಒದ್ದೆಯಾಗಿತ್ತು. "ಎಷ್ಟು ಯೋಚ್ನೆ ಮಾಡಿದ್ದೀಯೋ! ಇನ್ಮೇಲೆ ಆ ಮಾತೇ ಬೇಡ. ಮುಂದಿನ ಪ್ರದರ್ಶನಕ್ಕೂ ನೀನೇ, ಹೀಗೇ."

"ನಾನು ಆ ಡೈಲಾಗ್ ಬಾಯ್ಪಾಠ ಮಾಡಿದ್ದೆಲ್ಲ ದಂಡ ಆಯ್ತು ಬುಡು," ಎಂದು ಸೋಮೇಶ ಬೆನ್ನಿಗೊಂದು ಗುದ್ದಿದ.

ಮಾದೇಶ ಬೆಳಗಿನಿಂದ ಮೊದಲ ಬಾರಿಗೆ ನಕ್ಕ. ಹಸಿವು ಕೂಡ ಆಗಲೇ ತಿಳಿದದ್ದು. ಅದು ಯೋಚನೆಯಲ್ಲ, ಹೆದರಿಕೆ ಎಂದು ಮಾತ್ರ ಅವನು ಯಾರಿಗೂ ಹೇಳಲಿಲ್ಲ.